ಕಾಗುಣಿತ ಚಕ್ರ: ‘ವು’ ಬರಬೇಕಾದಲ್ಲಿ ‘ಮ’ ಬಂತು

ಮೂರು ವಾರದ ಮೇಲೆ ನಿನ್ನೆ ರಾತ್ರಿ, ಮಗಳಿಗೆ ಕಾಗುಣಿತ ಕಲಿಸಲು ಮನೆಯಲ್ಲೇ ಮಾಡುತ್ತಿರುವ ತಿರುಗುವ ಚಕ್ರ ಒಂದು ದಾರಿಗೆ ಬಂತು. ಕತ್ತರಿಸುವುದು, ಲ್ಯಾಮಿನೇಷನ್, ನಡುವೆ ಟಿಚ್ ಬಟನ್ ಕೂರಿಸುವುದು ನಿಮಗೆಲ್ಲ ಗೊತ್ತಿರುವ ಕೆಲಸ. ನನ್ನ ತಲೆ ತಿಂದಿದ್ದು ಅಕ್ಷರಗಳೇ.

ಅಂದುಕೊಂಡಿದ್ದು ಇಷ್ಟು: ಕೆಳಗೆ ರಟ್ಟಿನ ಮೇಲೆ ಒಂದು ವ್ಯಂಜನ. ಮೇಲೆ ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ) ಬಿಲ್ಲೆ, ಅದರ ಅಂಚಿನ ಸುತ್ತ 15 ಚಿಹ್ನೆ, 24 ಡಿಗ್ರಿಗೆ ಒಂದರಂತೆ. ತಿರುಗಿಸುತ್ತಾ ಹೋದರೆ ಗ, ಗಾ, ಗಿ, ಗೀ ಬರಬೇಕು.

ಬರಲಿಲ್ಲ. ‘ಗ’ ಮೇಲೆ ಗುಡಿಸು ತಂದರೆ ಕೆಳಗಿನ ತಲಕಟ್ಟು ಹಾಗೇ ಕಾಣುತ್ತಿತ್ತು, ಪೇಟದ ಮೇಲೆ ಟೋಪಿ ಇಟ್ಟ ಹಾಗೆ. ಎರಡು ದಿನ ಗುಡಿಸನ್ನು ಆ ಕಡೆ ಈ ಕಡೆ ಸರಿಸಿ ನೋಡಿದೆ. ಮೂರನೇ ದಿನ ಅಮ್ಮ ಸೊಪ್ಪು ಬಿಡಿಸುತ್ತಾ ಮಗಳಿಗೆ ಹಳೇ ರಾಗದಲ್ಲಿ ಹೇಳಿಕೊಡುತ್ತಿದ್ದರು: ತಲಕಟ್ಟು ಗ, ಇಳಿ ಗಾ, ಗುಡಿಸು ಗಿ, ಗುಡಿಸಿನ ದೀರ್ಘ ಗೀ. ಅಲ್ಲೇ ಇತ್ತಲ್ವಾ ಉತ್ತರ! ತಲಕಟ್ಟೇ ಮೊದಲನೇ ಚಿಹ್ನೆ. ಅದು ಇರಬೇಕಾದ್ದು ರಟ್ಟಿನ ಮೇಲಲ್ಲ, ಶೀಟಿನ ಮೇಲೆ. ರಟ್ಟಿನಲ್ಲಿ ಬರೀ ಬೋಳು ಅಕ್ಷರ ಸಾಕು.

ಆದರೆ ಬೋಳು ‘ಗ’ ಟೈಪ್ ಮಾಡಲು ಬರುವುದಿಲ್ಲ. ಯೂನಿಕೋಡ್‌ನಲ್ಲಿ ‘ಗ’ ಒತ್ತಿದರೆ ತಲಕಟ್ಟಿನ ಸಮೇತವೇ ಬರುತ್ತದೆ. ಗುಡಿಸನ್ನು ಒಂದನ್ನೇ ಒತ್ತಿದರೆ ಜೊತೆಗೆ ಚುಕ್ಕಿಗಳ ಉಂಗುರ ಬಂದು ಕೂರುತ್ತದೆ. ಹಾಗಾಗಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಕ್ಷರವನ್ನು ಪಾತ್ (ಬರೀ ಗೆರೆಗಳ ಆಕಾರ) ಮಾಡಿ, ಕತ್ತಿನ ಹತ್ತಿರದ ನೋಡ್‌ಗಳನ್ನು, ಅಂದರೆ ಆ ಗೆರೆಯ ಬಿಂದುಗಳನ್ನು, ಒಂದೊಂದಾಗಿ ಕತ್ತರಿಸಿದೆ. ಕೊಂಬು, ವಟ್ರಸುಳಿ, ಸೊನ್ನೆ, ವಿಸರ್ಗ ಬಂದಾಗ ತಲಕಟ್ಟು ಹೋಗುವುದಿಲ್ಲ. ಅದಕ್ಕೆ ಶೀಟಿನಲ್ಲಿ ಆ ಚಿಹ್ನೆಗಳ ಜೊತೆ ತಲಕಟ್ಟನ್ನೂ ಸೇರಿಸಿದೆ. ಎಲ್ಲ ಅಕ್ಷರಗಳ ಬಲ ಅಂಚನ್ನು ಒಂದೇ ಗೆರೆಗೆ ತಂದೆ, ಇಲ್ಲದಿದ್ದರೆ ಕೊಂಬು ದೂರ ನಿಲ್ಲುತ್ತದೆ.

ಮಧ್ಯೆ ಶೀಟಿನ ಗೋಳು ಬೇರೆ. ಇಂಕ್‌ಜೆಟ್‌ಗೆ, ಲೇಸರ್‌ಗೆ ಎರಡಕ್ಕೂ ಆಗುತ್ತೆ ಅಂತ ಅಂಗಡಿಯವರು ಕೊಟ್ಟ ಕಟ್ಟಿನಲ್ಲಿದ್ದದ್ದು ಸಾದಾ ಶೀಟು. ಇಂಕ್ ಹೀರುವ ಲೇಪನ ಇಲ್ಲದ ಶೀಟಿನಲ್ಲಿ ಇಂಕ್‌ಜೆಟ್ ಮಸಿ ಒಣಗುವುದೇ ಇಲ್ಲ. ಬೆರಳು ತಾಗಿದ ಕೂಡಲೇ ಐತ್ವ (‘ಗೈ’ಯಲ್ಲಿ ಬರುವ ಚಿಹ್ನೆ) ಅಳಿಸಿಹೋಯಿತು. ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದರೆ ಅವರು ‘ಫಿಟ್ ಟು ಪೇಜ್’ ಹಾಕಿ ಬಿಲ್ಲೆಯನ್ನೇ ಕುಗ್ಗಿಸಿಕೊಟ್ಟರು. ಈಗ ಪ್ರತಿ ಪುಟದ ಅಂಚಿನಲ್ಲೂ 10 ಸೆಂ.ಮೀ. ಗೆರೆ ಹಾಕಿಡುತ್ತೇನೆ. ದುಡ್ಡು ಕೊಡುವ ಮೊದಲು ಸ್ಕೇಲ್ ಇಟ್ಟು ನೋಡುತ್ತೇನೆ.



ವರ್ಣಮಾಲೆಯ ಸಾಲು ಬಿಟ್ಟು, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸುವ ಕ್ರಮ ಹಿಡಿದಿದ್ದೆ. ಮೊದಲ ಗುಂಪಿನ ರ, ಗ, ಸ, ದ ಚೆನ್ನಾಗಿ ಕೂತವು. ಮಗಳು ರಾಗ ಎಳೆಯುತ್ತಾ ತಿರುಗಿಸಿದಳು. ಎರಡನೇ ಗುಂಪು ಜ, ವ, ಮ, ಬ, ನ. ‘ನ’ ಒಂದು ಬಿಟ್ಟು ಎಲ್ಲ ಕೈಕೊಟ್ಟವು. ‘ಜ’, ‘ಬ’ಗಳಿಗೆ ತಲಕಟ್ಟೇ ಇಲ್ಲ, ಶೀಟು ಸುಮ್ನೆ ಇಲ್ಲದ ತಲಕಟ್ಟನ್ನು ಹೇರುತ್ತದೆ. ‘ವ’ ಮೇಲೆ ಕೊಂಬು ತಂದು “ಇದೇನು?” ಅಂತ ಕೇಳಿದೆ. ಮಗಳು “ಮ” ಅಂದಳು.

ನೋಡಿದರೆ ಹೌದು, ‘ಮ’ವೇ! ‘ವ’ದ ಬಲಕ್ಕೆ ಕೊಂಬು ಸೇರಿಸಿದರೆ ಆಗುವ ಆಕಾರ ಅದೇ ತಾನೆ? ಅದಕ್ಕೇ ‘ವು’ ಬರೆಯುವಾಗ ಕೊಂಬನ್ನು ಕೆಳಗಿನಿಂದ ತರುತ್ತೇವೆ. ‘ಪು’, ‘ಫು’ ಕೂಡ ಹಾಗೆಯೇ. ಇಷ್ಟು ವರ್ಷ ಬರೆದಿದ್ದೇನೆ, ಒಂದು ದಿನವೂ ಗಮನಿಸಿರಲಿಲ್ಲ. ‘ಮಿ’ಯಲ್ಲಂತೂ ಗುಡಿಸು ಬಲತುದಿಗೆ ಬರುವುದೇ ಇಲ್ಲ, ‘ವ’ದ ಭಾಗದ ಮೇಲೆ ಕೂರುತ್ತದೆ.

‘ವ’, ‘ಮ’ಗಳಿಗೆ ಪಾರದರ್ಶಕ ಬಿಲ್ಲೆಯ ಆಸೆ ಬಿಟ್ಟೆ. ಮೇಲಿನ ಬಿಲ್ಲೆ ಈಗ ದಪ್ಪ ಕಾಗದದ್ದು, ಅದರಲ್ಲಿ ಒಂದೇ ಕಿಟಕಿ. ಕೆಳಗೆ 15 ರೂಪಗಳೂ ಪೂರ್ತಿಯಾಗಿ ಅಚ್ಚಾಗಿವೆ. ಅಕ್ಷರ ಕಪ್ಪು, ಚಿಹ್ನೆ ಮಾತ್ರ ಕೆಂಪು. ನಾನು ಬಳಸುವ ಫಾಂಟಿನಲ್ಲಿ ‘ವಿ’ ಒಂದೇ ತುಂಡಾಗಿ ಬರುತ್ತದೆ, ಹಾಗಾಗಿ ಇಲ್ಲೂ ನೋಡ್ ಕತ್ತರಿಸಿಯೇ ಬಣ್ಣ ತುಂಬಬೇಕಾಯಿತು. ‘ವ’ ಒಂದಕ್ಕೇ ಒಂದು ಸಂಜೆ ಹೋಯಿತು. ಕಿಟಕಿಯಲ್ಲಿ ‘ವು’ ಬಂದಾಗ ಮಗಳು ಕೆಂಪು ಕೊಂಬಿನ ಮೇಲೆ ಬೆರಳಾಡಿಸಿ, “ಇದು ಕೆಳಗೆ ಬಚ್ಚಿಟ್ಕೊಂಡಿದೆ” ಅಂದಳು. ಆಮೇಲೆ ತಾನೇ ತಿರುಗಿಸಿ ‘ವೂ’ ಹುಡುಕಿದಳು.

ಈಗ ರ, ಗ, ಸ, ದ, ನ ಶೀಟಿನಲ್ಲಿ, ವ, ಮ ಕಿಟಕಿಯಲ್ಲಿ. ಜ, ಬಗಳಿಗೆ ತಲಕಟ್ಟಿಲ್ಲದ ಬೇರೆ ಶೀಟು ಬರೆಯುತ್ತಿದ್ದೇನೆ. ಪ, ಯ ಮುಂದಿನ ವಾರ. ‘ಝ’ಕ್ಕೆ ಸದ್ಯಕ್ಕೆ ಕೈ ಹಾಕುವುದಿಲ್ಲ.