ಬಾಣದ ಮೇಲೆ ಏನು ಬರೆಯಲಿ?

ಟೀಮ್ ಪ್ರಾಜೆಕ್ಟ್ ಅಂದರೆ ಎಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳ ದೂರೂ ಒಂದೇ: ಒಬ್ಬರು ದುಡಿಯುತ್ತಾರೆ, ಉಳಿದವರು ಹೆಸರು ಹಾಕಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಾಗಲಿಲ್ಲ. ಐದು ಜನರೂ ಕೆಲಸ ಮಾಡಿದೆವು, ಅವರವರ ಭಾಗ ಅವರವರ ಕೈಯಲ್ಲಿ ಸರಿಯಾಗೇ ಇತ್ತು. ಆದರೆ ಎಲ್ಲ ಸೇರಿಸಿ ನೆಲಕ್ಕಿಟ್ಟರೆ ರೋಬೋಟ್ ನಿಂತಲ್ಲೇ ಗುಂಯ್ ಅನ್ನುತ್ತಿತ್ತು, ಆಮೇಲೆ ಒಂದು ಚಕ್ರ ಮಾತ್ರ ಹುಚ್ಚು ಹಿಡಿದ ಹಾಗೆ ತಿರುಗಿ ಪಕ್ಕಕ್ಕೆ ಸುತ್ತಿಕೊಳ್ಳುತ್ತಿತ್ತು.

ಮಾಡಬೇಕಿದ್ದದ್ದು ಲೈನ್ ಫಾಲೋವರ್. ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆ ಹಿಡಿದು ಓಡಬೇಕು, ಅಷ್ಟೇ. ಮೊದಲ ಮೀಟಿಂಗಿನಲ್ಲೇ ಕೆಲಸ ಹಂಚಿಕೊಂಡೆವು. ಸೆನ್ಸರ್ ಒಬ್ಬರಿಗೆ, ಮೋಟಾರ್ ಮತ್ತು ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್ ಒಬ್ಬರಿಗೆ, ಕಂಟ್ರೋಲ್ ಕೋಡ್ ನನಗೆ, ಚಾಸಿ, ಅಂದರೆ ರೋಬೋಟಿನ ಚೌಕಟ್ಟು, ಇನ್ನೊಬ್ಬರಿಗೆ. ಸರ್ಕ್ಯೂಟ್ ಅಂದರೆ ಅಷ್ಟಕ್ಕಷ್ಟೇ ಅನ್ನುತ್ತಿದ್ದ ಗೆಳತಿಗೆ ರಿಪೋರ್ಟ್. ನೋಡೋಕೆ ಒಳ್ಳೇ ಹಂಚಿಕೆ, ಅಲ್ವಾ? ಇವನ್ನೆಲ್ಲ ಜೋಡಿಸುವವರು ಯಾರು ಅನ್ನೋದನ್ನು ಮಾತ್ರ ಯಾರೂ ಕೇಳಲಿಲ್ಲ.

ತೊಂದರೆ ಕಂಡುಹಿಡಿದವಳು ಆ ರಿಪೋರ್ಟ್ ಗೆಳತಿಯೇ. ಅವಳು ಬ್ಲಾಕ್ ಡಯಾಗ್ರಾಂ ಬಿಡಿಸುತ್ತಿದ್ದಳು. ಸೆನ್ಸರ್ ಒಂದು ಡಬ್ಬಿ, ಕಂಟ್ರೋಲ್ ಒಂದು ಡಬ್ಬಿ, ಮೋಟಾರ್ ಒಂದು ಡಬ್ಬಿ, ನಡುವೆ ಬಾಣಗಳು. ಕಂಟ್ರೋಲ್‌ನಿಂದ ಮೋಟಾರ್‌ಗೆ ಹೋಗುವ ಬಾಣ ತೋರಿಸಿ, "ಇದರ ಮೇಲೆ ಏನು ಬರೀಲಿ?" ಅಂದಳು. ನಾನೂ ಮೋಟಾರ್ ಹುಡುಗನೂ ಒಟ್ಟಿಗೇ "ಸ್ಪೀಡ್" ಅಂದೆವು. "ಸರಿ ಕಣ್ರೋ, ಎಷ್ಟರಿಂದ ಎಷ್ಟರವರೆಗೆ?"

ಅಲ್ಲಿ ಬಂತು ನೋಡಿ. ನನ್ನ ಕೋಡ್ ಕೊಡುತ್ತಿದ್ದದ್ದು ಶೇಕಡಾ ಲೆಕ್ಕ: ಮೈನಸ್ 100ರಿಂದ 100, ಮೈನಸ್ ಅಂದರೆ ಹಿಂದಕ್ಕೆ. ಅವನ ಫಂಕ್ಷನ್ ತೆಗೆದುಕೊಳ್ಳುತ್ತಿದ್ದದ್ದು 0ಯಿಂದ 255, ಯಾಕೆಂದರೆ ನಾವು ಬಳಸಿದ ಪುಟ್ಟ ಕಂಟ್ರೋಲ್ ಬೋರ್ಡ್ ಆರ್ಡುಯಿನೋದಲ್ಲಿ ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ ವೇಗ ಹೆಚ್ಚು ಕಡಿಮೆ ಮಾಡೋದು) ಕೊಡೋದೇ ಹಾಗೆ. ನಾನು "ಪೂರ್ತಿ ವೇಗ" ಅಂತ 100 ಕಳಿಸಿದರೆ ಅವನ ಕಡೆ ಅದು ಶೇಕಡಾ 40ಕ್ಕಿಂತ ಕಡಿಮೆ. ಮೋಟಾರ್ ಗುಂಯ್ ಅನ್ನುತ್ತೆ, ತಿರುಗಲ್ಲ. ಇನ್ನೂ ಮಜಾ ಏನೆಂದರೆ ಮೈನಸ್ ಸಂಖ್ಯೆಯದ್ದು. ಅವನು ವೇಗವನ್ನು ಬೈಟ್ ಆಗಿ, ಅಂದರೆ 0ಯಿಂದ 255ರವರೆಗಷ್ಟೇ ಹಿಡಿಸುವ ಜಾಗದಲ್ಲಿ, ಇಟ್ಟುಕೊಂಡಿದ್ದ, ಬೈಟ್‌ನಲ್ಲಿ ಮೈನಸ್ ಇರೋದಿಲ್ಲ, ಹಾಗಾಗಿ ನಾನು ಮೈನಸ್ 30 ಕಳಿಸಿದರೆ ಅದು ಸುತ್ತಿಕೊಂಡು 226 ಆಗುತ್ತಿತ್ತು. ಮೆಲ್ಲಗೆ ಹಿಂದಕ್ಕೆ ತಿರುಗು ಅಂದ ಚಕ್ರ ಮುಂದಕ್ಕೆ ನಾಗಾಲೋಟ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅದೇ. ಎರಡೂ ಕೋಡ್‌ನಲ್ಲಿ ಒಂದೊಂದು ಸಾಲೂ ಸರಿ, ಬೇರೆ ಬೇರೆ ಟೆಸ್ಟ್ ಮಾಡಿದರೆ ಎರಡೂ ಪಾಸ್.

ದೊಡ್ಡವರಿಗೂ ಇದು ಬಿಟ್ಟಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹ ತಲುಪುವ ಹೊತ್ತಿಗೆ ಕಳೆದುಹೋಯಿತು. ನೆಲದ ಮೇಲಿದ್ದ ಒಂದು ಸಾಫ್ಟ್‌ವೇರ್ ನೌಕೆಯ ಪುಟ್ಟ ಎಂಜಿನ್ ಆದ ಥ್ರಸ್ಟರ್‌ನ ಒತ್ತನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು, ಅದನ್ನು ಬಳಸಿದವರು ನ್ಯೂಟನ್ ಲೆಕ್ಕ ಅಂದುಕೊಂಡಿದ್ದರು. ಎರಡಕ್ಕೂ ನಾಲ್ಕೂವರೆ ಪಟ್ಟಿನ ಹತ್ತಿರ ವ್ಯತ್ಯಾಸ. ಅಲ್ಲೂ ಕೆಟ್ಟದ್ದು ಬಾಣವೇ, ಡಬ್ಬಿಯಲ್ಲ.

ಮೆಲ್ವಿನ್ ಕಾನ್ವೇ ಅನ್ನುವ ಕಂಪ್ಯೂಟರ್ ವಿಜ್ಞಾನಿ 1968ರಲ್ಲೇ ಹೇಳಿದ್ದರು: ಒಂದು ಗುಂಪು ಕಟ್ಟುವ ಸಿಸ್ಟಂ ಆ ಗುಂಪಿನೊಳಗೆ ಯಾರು ಯಾರ ಹತ್ತಿರ ಮಾತಾಡುತ್ತಾರೋ ಅದೇ ಆಕಾರದಲ್ಲಿ ಇರುತ್ತದೆ. ಕ್ಲಾಸಿನಲ್ಲಿ ಓದಿದಾಗ ಸುಮ್ನೆ ಥಿಯರಿ ಅನ್ನಿಸಿತ್ತು. ನಮ್ಮ ರೋಬೋಟನ್ನೇ ನೋಡಿ. ಸೆನ್ಸರ್‌ನವಳೂ ನಾನೂ ದಿನಾ ಪಕ್ಕಪಕ್ಕ ಕೂರುತ್ತಿದ್ದೆವು, ಸೆನ್ಸರ್‌ನಿಂದ ಕಂಟ್ರೋಲ್‌ಗೆ ಬರುವ ದಾರಿಯಲ್ಲಿ ಒಂದು ಕೊಂಕೂ ಇರಲಿಲ್ಲ. ಮೋಟಾರ್ ಹುಡುಗನ ಲ್ಯಾಬ್ ಬ್ಯಾಚ್ ಬೇರೆ, ಅವನ ಹತ್ತಿರ ಮಾತು ಬರೀ ಮೆಸೇಜಿನಲ್ಲಿ, ಅದೂ "ಆಯ್ತಾ?" "ಆಯ್ತು" ಇಷ್ಟೇ. ಕೆಟ್ಟದ್ದು ಅಲ್ಲೇ. ಐದು ಜನರ ಟೀಮಿನಲ್ಲಿ ಇಬ್ಬಿಬ್ಬರ ಜೋಡಿ ಲೆಕ್ಕ ಹಾಕಿದರೆ 10 ಬರುತ್ತದೆ, ನಿಜವಾಗಿ ಮಾತಾಡುತ್ತಿದ್ದದ್ದು ಮೂರೋ ನಾಲ್ಕೋ ಜೋಡಿ.

ಆಮೇಲೆ ಎಲ್ಲರೂ ಒಂದೇ ಟೇಬಲ್ಲಿಗೆ ಬಂದೆವು. ಗೆಳತಿ ಒಂದು ಹಾಳೆಯಲ್ಲಿ ಪ್ರತಿ ಬಾಣಕ್ಕೂ ಒಂದು ಸಾಲು ಬರೆದಳು: ಯಾರು ಕೊಡುತ್ತಾರೆ, ಯಾರು ತೆಗೆದುಕೊಳ್ಳುತ್ತಾರೆ, ಎಷ್ಟರಿಂದ ಎಷ್ಟು, ಮೈನಸ್ ಅಂದರೆ ಏನು, ಯಾವ ಪಿನ್. ಕರೆಂಟಿಗೂ ಒಂದು ಬಾಣ ಹಾಕಿದಳು. ಅದನ್ನು ನಾವ್ಯಾರೂ ಯೋಚಿಸಿಯೇ ಇರಲಿಲ್ಲ. ಅಲ್ಲಿಯವರೆಗೆ ಮೋಟಾರ್ ಓಡುತ್ತಿದ್ದದ್ದು ಲ್ಯಾಬಿನ ಪವರ್ ಸಪ್ಲೈನಲ್ಲಿ, ಆರ್ಡುಯಿನೋ ಲ್ಯಾಪ್‌ಟಾಪಿನ ಯುಎಸ್‌ಬಿಯಲ್ಲಿ. ಎರಡನ್ನೂ ಒಂದೇ ಬ್ಯಾಟರಿಗೆ ಹಾಕಿದ ಕೂಡಲೇ ಹೊಸ ಕಾಟ: ಮೋಟಾರ್ ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತೆ, ವೋಲ್ಟೇಜ್ ಕುಸಿಯುತ್ತೆ, ಬೋರ್ಡ್ ರೀಸೆಟ್ ಆಗುತ್ತೆ. ಬೋರ್ಡಿಗೆ ಬೇರೆ ಬ್ಯಾಟರಿ ಕೊಟ್ಟೆವು, ಎರಡರ ಗ್ರೌಂಡ್ (ವೋಲ್ಟೇಜ್ ಅಳೆಯೋಕೆ ಸೊನ್ನೆ ಅಂತ ಇಟ್ಟುಕೊಳ್ಳುವ ತಂತಿ) ಸೇರಿಸಿದೆವು. ಗ್ರೌಂಡ್ ಸೇರಿಸದಿದ್ದರೆ ಸಿಗ್ನಲ್‌ಗೆ ಅರ್ಥವೇ ಇಲ್ಲ ಅನ್ನೋದು ಎಲ್ಲರಿಗೂ ಪರೀಕ್ಷೆಯಲ್ಲಿ ಬರೆಯೋಕೆ ಗೊತ್ತು, ಟೇಬಲ್ ಮೇಲೆ ಮರೆತುಹೋಗುತ್ತೆ.

ಸೆನ್ಸರ್ ಕೂಡ ಸುಮ್ಮನಿರಲಿಲ್ಲ. ಪರದೆ ಎಳೆದ ಲ್ಯಾಬಿನಲ್ಲಿ ಸೆಟ್ ಮಾಡಿದ ಐಆರ್ (ಇನ್ಫ್ರಾರೆಡ್, ಕಣ್ಣಿಗೆ ಕಾಣದ ಬೆಳಕು) ಸೆನ್ಸರ್‌ಗಳು ಕಿಟಕಿ ಪಕ್ಕ ಕುರುಡಾಗುತ್ತಿದ್ದವು. ಬಿಸಿಲಿನಲ್ಲೂ ಇನ್ಫ್ರಾರೆಡ್ ಇರುತ್ತದಲ್ಲ. ಸುತ್ತ ಕಪ್ಪು ರಟ್ಟು ಅಂಟಿಸಿ, ಡೆಮೋ ನಡೆಯುವ ಕೋಣೆಯಲ್ಲೇ ಮತ್ತೆ ಸೆಟ್ ಮಾಡಿದೆವು. ಈ ಜೋಡಿಸುವ ಕೆಲಸ ಮೊದಲ ವಾರದಲ್ಲೇ ಆಗಬಹುದಿತ್ತು. ಅರೆಬರೆ ಸೆನ್ಸರ್, ಅರೆಬರೆ ಕೋಡ್, ಬರೀ ಮುಂದಕ್ಕೆ ಹೋಗಿ ನಿಲ್ಲುವ ರೋಬೋಟ್, ಅಷ್ಟನ್ನೇ ಜೋಡಿಸಿ ಓಡಿಸಿದ್ದರೂ ಈ ಬಾಣಗಳು ಅವತ್ತೇ ಬಾಯಿಬಿಡುತ್ತಿದ್ದವು. ಚೆನ್ನಾಗಿ ಮುಗಿಸಿ ಆಮೇಲೆ ಜೋಡಿಸೋಣ ಅನ್ನೋ ಪ್ಲಾನ್ ಕೇಳೋಕೆ ಶಿಸ್ತಿನದ್ದು, ನನಗೀಗ ಅದನ್ನು ಕೇಳಿದರೇ ಭಯ.

ಡೆಮೋದಲ್ಲಿ ಗೆರೆ ಹಿಡಿದು ಓಡಿತು, ಒಂದು ತಿರುವಿನಲ್ಲಿ ಸ್ವಲ್ಪ ಒದ್ದಾಡಿತು, ಮಾರ್ಕ್ಸ್ ಬಂತು. ನನ್ನ ತಕರಾರು ಇರೋದು ಆಮೇಲೆ ಕೊಟ್ಟ ಫಾರಂ ಬಗ್ಗೆ. ಟೀಮಿನವರೇ ಒಬ್ಬರಿಗೊಬ್ಬರು ಅಂಕ ಕೊಡಬೇಕಿತ್ತು. ಕೋಡಿಂಗ್, ಹಾರ್ಡ್‌ವೇರ್, ರಿಪೋರ್ಟ್, ಪ್ರೆಸೆಂಟೇಷನ್ ಅಂತ ಕಾಲಂ. ರಿಪೋರ್ಟ್‌ಗೆ ಇದ್ದದ್ದರಲ್ಲೇ ಕಡಿಮೆ ಅಂಕ. ಆ ಗೆಳತಿ ಮಾಡಿದ್ದನ್ನು ಹಾಕೋಕೆ ಅಲ್ಲಿ ಜಾಗವೇ ಇರಲಿಲ್ಲ. ನಾವು ನಾಲ್ಕೂ ಜನ ಹಾರ್ಡ್‌ವೇರ್ ಕಾಲಂನಲ್ಲೇ ಅವಳಿಗೆ ಪೂರ್ತಿ ಅಂಕ ಹಾಕಿ ಕೊಟ್ಟೆವು. ಗೈಡ್ ಕರೆಸಿ ಕೇಳಿದರು, ಹಾಳೆ ತೋರಿಸಿದೆವು, ಹಾಗೇ ಬಿಟ್ಟರು.