ಕಡಲ ತಳದ ಡ್ರಮ್ಮು, ತೋಟದ ತೊಟ್ಟಿಯ ಪೊಟ್ಯಾಷು

ಅಣುತ್ಯಾಜ್ಯ ತುಂಬಿದ 200 ಲೀಟರಿನ ಡ್ರಮ್ಮುಗಳನ್ನು ಕಡಲಿಗೆ ತಳ್ಳುವ ಕೆಲಸ ಶುರುವಾಗಿದ್ದು 1946ರಲ್ಲಿ. ಪೂರ್ತಿ ನಿಷೇಧಕ್ಕೆ ದೇಶಗಳು ಒಪ್ಪಿದ್ದು 1993ರಲ್ಲಿ. ಈಶಾನ್ಯ ಅಟ್ಲಾಂಟಿಕ್ ಒಂದರಲ್ಲೇ 2 ಲಕ್ಷಕ್ಕೂ ಹೆಚ್ಚು ಡ್ರಮ್ಮುಗಳಿವೆ. 2025ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅಲ್ಲಿ ಉಲಿಕ್ಸ್ ಎಂಬ ಆಳಿಲ್ಲದ ನೌಕೆಯನ್ನು ಆಳಕ್ಕಿಳಿಸಿ, 163 ಚದರ ಕಿಲೋಮೀಟರಿನಲ್ಲಿ 3,355 ಡ್ರಮ್ಮು ಪತ್ತೆ ಮಾಡಿದರು. ಪತ್ತೆ ಮಾಡಿದ್ದು ಶಬ್ದದ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ಸೋನಾರ್‌ನಿಂದ, ವಿಕಿರಣದಿಂದಲ್ಲ. ಯಾಕೆ ಅನ್ನುವುದನ್ನು ಚಿಕ್ಕಮಗಳೂರಿನ ಯಾವ ಕಾಫಿ ತೋಟದಲ್ಲಾದರೂ ಅಳೆದು ನೋಡಬಹುದು. ಬೇಕಾದ ವಿಕಿರಣ ಮೂಲ ಗೊಬ್ಬರದ ಗೋದಾಮಿನಲ್ಲೇ ಇದೆ.

ಪೊಟ್ಯಾಷ್ ಮೂಟೆಯ ಅರ್ಧ ತೂಕ ಪೊಟ್ಯಾಸಿಯಂ. ಪೊಟ್ಯಾಸಿಯಂನ ಪ್ರತಿ ಗ್ರಾಮಿನಲ್ಲೂ ಸೆಕೆಂಡಿಗೆ ಸುಮಾರು 31 ಪರಮಾಣುಗಳು ತಾವಾಗಿಯೇ ಒಡೆಯುತ್ತವೆ. 50 ಕೆಜಿ ಮೂಟೆಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 7.7 ಲಕ್ಷ, ಅದರಲ್ಲಿ ನೂರಕ್ಕೆ ಹನ್ನೊಂದರಷ್ಟು ಸಲ 1461 ಕೆಇವಿ (ಕೆಇವಿ ಅಂದರೆ ಕಿರಣದ ಶಕ್ತಿಯ ಅಳತೆ) ಗಾಮಾ ಕಿರಣ ಹೊರಡುತ್ತದೆ. ಇದು ಪೊಟ್ಯಾಸಿಯಂ-40ರ ಸ್ವಭಾವ. ಗಾಬರಿ ಬೇಡ, ನಮ್ಮ ಮೈಯಲ್ಲೂ ಅದಿದೆ. ಅಣುತ್ಯಾಜ್ಯದಲ್ಲಿರುವ ಸೀಸಿಯಂನಂಥ ಮೂಲ ತಂದಿಟ್ಟುಕೊಳ್ಳುವ ಯೋಚನೆ ಮಾತ್ರ ಮಾಡಬೇಡಿ.

ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು) ಮುಗಿದು ಖಾಲಿ ಬಿದ್ದ ತೊಟ್ಟಿ ಇದಕ್ಕೆ ಸಾಕು. ಉದ್ದ, ಅಗಲ, ಆಳ ತಲಾ 2 ಮೀಟರ್ ಇದ್ದರೆ 8,000 ಲೀಟರ್ ನೀರು ಹಿಡಿಯುತ್ತದೆ. ಪೊಟ್ಯಾಷನ್ನು ರಿಂಗ್ ಮುಚ್ಚಳದ ನೀಲಿ ಡ್ರಮ್ಮಿಗೆ ಸುರಿದು ಭದ್ರಪಡಿಸಿ. ಮೊದಲ ಎಡವಟ್ಟು ಇಲ್ಲೇ: 60 ಲೀಟರಿನ ಡ್ರಮ್ಮಿಗೆ 50 ಕೆಜಿ ತುಂಬಿದರೆ ಅದು ತೇಲುತ್ತದೆ. ತಳಕ್ಕೆ 20 ಕೆಜಿ ಕಲ್ಲು ಕಟ್ಟಿ. ಕಲ್ಲನ್ನು ಮೇಲಿಡಬೇಡಿ, ಕಿರಣಕ್ಕೆ ಅಡ್ಡ ಬರುತ್ತದೆ. ತೊಟ್ಟಿಯ ಗೋಡೆ ಗ್ರಾನೈಟ್ ಸೈಜುಗಲ್ಲಿನದಾದರೆ ಕಲ್ಲಿಗೂ ಅದರದೇ ವಿಕಿರಣವಿರುತ್ತದೆ; ಡ್ರಮ್ಮನ್ನು ನಡುಮಧ್ಯೆ ಇಳಿಸಿ.

ಅಳೆಯಲು 2 ಇಂಚಿನ ಸೋಡಿಯಂ ಅಯೊಡೈಡ್ ಹರಳಿನ ಡಿಟೆಕ್ಟರ್ ಬೇಕು. ಅದಕ್ಕೆ 110 ಮಿಲಿಮೀಟರ್ ಪಿವಿಸಿ ಪೈಪಿನ ಕವಚ, ಉದ್ದ 40 ಸೆಂಟಿಮೀಟರ್. ಇಷ್ಟು ಕವಚ 3.8 ಲೀಟರ್ ನೀರು ಸರಿಸುತ್ತದೆ, ಹಾಗಾಗಿ ಒಟ್ಟು ತೂಕ 4 ಕೆಜಿ ದಾಟದಿದ್ದರೆ ಮುಳುಗುವುದಿಲ್ಲ. ನೀರು ನುಗ್ಗುವುದು ಯಾವಾಗಲೂ ಕೇಬಲ್ ಹೊರಬರುವ ಜಾಗದಲ್ಲಿ. ಖಾಲಿ ಕವಚದೊಳಗೆ ಹಳೆ ಪೇಪರ್ ಸುರುಳಿ ಇಟ್ಟು ಒಂದು ರಾತ್ರಿ ಮುಳುಗಿಸಿಡಿ. ಬೆಳಿಗ್ಗೆ ಪೇಪರಿನ ಅಂಚು ಮೆತ್ತಗಾಗಿದ್ದರೂ ಡಿಟೆಕ್ಟರ್ ಒಳಗಿಡುವ ಹಾಗಿಲ್ಲ. ಈ ಹರಳು ತೇವ ಹೀರಿ ಹಳದಿ ತಿರುಗುತ್ತದೆ, ಆಮೇಲೆ ರಿಪೇರಿ ಅನ್ನುವುದೇ ಇಲ್ಲ.

ಡ್ರಮ್ಮಿಲ್ಲದೆ ಒಂದು ತಾಸು ಅಳೆಯಿರಿ. ಆಮೇಲೆ ಮುಚ್ಚಳಕ್ಕೆ ತಾಗಿಸಿ, 25, 50, 75, 100 ಸೆಂಟಿಮೀಟರ್ ಮೇಲೆ ಅರ್ಧರ್ಧ ತಾಸು. ಒಟ್ಟು ಎಣಿಕೆಯನ್ನು ನಂಬಬೇಡಿ. ನೀರಲ್ಲಿ ಚದುರಿ ಬಲ ಕಳೆದುಕೊಂಡ ಕಿರಣಗಳೂ ಅದರಲ್ಲಿ ಸೇರಿರುತ್ತವೆ. ಪರದೆಯ ನಕ್ಷೆಯಲ್ಲಿ 1461 ಕೆಇವಿ ಜಾಗದಲ್ಲಿ ಏಳುವ ಉಬ್ಬನ್ನಷ್ಟೇ ನೋಡಿ. ದೂರ ಹೆಚ್ಚಿ ಹರಡಿಹೋಗುವುದು ಬೇರೆ. ನೀರು ನುಂಗುವುದನ್ನಷ್ಟೇ ಲೆಕ್ಕ ಹಾಕಿದರೂ ಪ್ರತಿ 12 ಸೆಂಟಿಮೀಟರಿಗೆ ಅದು ಅರ್ಧವಾಗುತ್ತದೆ, 1 ಮೀಟರಿಗೆ 350ರಲ್ಲಿ ಒಂದು ಪಾಲು ಉಳಿಯುತ್ತದೆ. ಸೀಸಿಯಂ-137ರ 662 ಕೆಇವಿ ಕಿರಣದ ಪಾಡು ಇನ್ನೂ ಕಷ್ಟ: 8 ಸೆಂಟಿಮೀಟರಿಗೇ ಅರ್ಧ, 1 ಮೀಟರಿಗೆ 5,000ದಲ್ಲಿ ಒಂದು. ಅಂದರೆ ಡಿಟೆಕ್ಟರ್ ಕಡಲ ತಳವನ್ನು ಹೆಚ್ಚುಕಡಿಮೆ ಸವರಿಕೊಂಡೇ ಹೋಗಬೇಕು. ಸೋನಾರ್ ಬೇಕಾಗುವುದು ಅದಕ್ಕೇ. ಅದನ್ನೂ ಹಡಗಿನಲ್ಲೇ ಇಟ್ಟುಕೊಂಡರೆ ಆಗದು: 1 ಡಿಗ್ರಿ ಅಗಲದ ಶಬ್ದದ ಕಿರಣ 4,000 ಮೀಟರ್ ಇಳಿಯುವಷ್ಟರಲ್ಲಿ 70 ಮೀಟರ್ ಅಗಲವಾಗುತ್ತದೆ, 90 ಸೆಂಟಿಮೀಟರಿನ ಡ್ರಮ್ಮು ಅದರಲ್ಲಿ ಕಾಣುವುದೆಲ್ಲಿ? ತಳದಿಂದ 50 ಮೀಟರ್ ಮೇಲೆ ಈಜುವ ನೌಕೆಯಿಂದಾದರೆ ಕಾಣುತ್ತದೆ.

ತೊಟ್ಟಿಯನ್ನು ಕಡಲಿನಂತೆ ಮಾಡಬೇಕೆಂದರೆ 6.2 ಕೆಜಿ ಪೊಟ್ಯಾಷ್ ಕರಗಿಸಿ. ಸಮುದ್ರದ ಲೀಟರ್ ನೀರಿನಲ್ಲಿ 0.39 ಗ್ರಾಂ ಪೊಟ್ಯಾಸಿಯಂ ಇರುತ್ತದೆ, ಈಗ ನಿಮ್ಮ ತೊಟ್ಟಿಯಲ್ಲೂ ಅಷ್ಟೇ. ಕೆಂಪು ಪೊಟ್ಯಾಷಾದರೆ ನೀರು ಕಲಕಲಾಗುತ್ತದೆ, ಅಳತೆಗೆ ತೊಂದರೆಯಿಲ್ಲ. ಮುಗಿದ ಮೇಲೆ ಗಿಡದ ಬುಡಕ್ಕೆ ಬಿಡಬಹುದು. ದೂರ ಹೋದಂತೆ ಡ್ರಮ್ಮಿನ ಸುಳಿವು ನೀರಿನದೇ ಗದ್ದಲದಲ್ಲಿ ಅಳಿಸಿಹೋಗುವುದನ್ನು ಪರದೆಯ ಮೇಲೆ ಕಾಣುತ್ತೀರಿ. ಇದೇ ಪೊಟ್ಯಾಸಿಯಂನಿಂದ ಉಪಕಾರವೂ ಇದೆ. ಕಡಲಾಳದಲ್ಲಿ ನೀರು 2ರಿಂದ 4 ಡಿಗ್ರಿ, ತಣ್ಣಗಾದ ಡಿಟೆಕ್ಟರಿನಲ್ಲಿ ಉಬ್ಬುಗಳು ಜಾಗ ಬಿಟ್ಟು ಸರಿಯುತ್ತವೆ. 1461 ಎಲ್ಲಿದೆ ನೋಡಿಕೊಂಡು ಉಳಿದದ್ದನ್ನು ಸರಿಪಡಿಸಬಹುದು.

ಡ್ರಮ್ಮು ಸೋರುತ್ತಿದೆಯೇ ಎಂಬ ಪ್ರಶ್ನೆಗೆ ತೊಟ್ಟಿಯಲ್ಲಿ ಉತ್ತರವಿಲ್ಲ, ಕಡಲ ತಳದ ಕೆಸರು ಮೇಲೆ ತರಬೇಕು. ಕೆಸರಿನಲ್ಲಿ ಸೀಸಿಯಂ ಸಿಕ್ಕಿದ ಮಾತ್ರಕ್ಕೆ ಸೋರಿಕೆ ಎಂದಲ್ಲ. ಅಣುಬಾಂಬ್ ಪರೀಕ್ಷೆಗಳ ಬೂದಿ ಎಲ್ಲ ಕಡಲುಗಳಿಗೂ ಬಿದ್ದಿದೆ, ಅದು ಬೀಳುವುದು ತಾರಕಕ್ಕೇರಿದ್ದು 1963ರ ಸುಮಾರಿಗೆ. ಆದ್ದರಿಂದ ಡ್ರಮ್ಮಿನ ಪಕ್ಕದ್ದನ್ನು ದೂರದ ಕೆಸರಿನೊಂದಿಗೆ ಹೋಲಿಸಲೇಬೇಕು. ಉಬ್ಬುಗಳನ್ನು ಸಣ್ಣ ಗೆರೆಗಳಾಗಿ ಬಿಡಿಸಿ ತೋರಿಸುವ ಜರ್ಮೇನಿಯಂ ಡಿಟೆಕ್ಟರಿಗೂ ಒಂದು ಮೋಸವಿದೆ: ಮಣ್ಣಿನಲ್ಲಿ ಸಹಜವಾಗಿರುವ ಬಿಸ್ಮತ್-214, 665ರಲ್ಲಿ ಸಣ್ಣ ಗೆರೆ ಮೂಡಿಸಿ 662ಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಬಿಸ್ಮತ್‌ನ ದೊಡ್ಡ ಗೆರೆ 609ರಲ್ಲಿದೆ. ಅದರ ಪ್ರಮಾಣ ನೋಡಿ 665ರ ಪಾಲನ್ನು ಕಳೆಯಬೇಕು. ಸ್ಟ್ರಾನ್ಷಿಯಂ-90 ಗಾಮಾ ಸೂಸುವುದೇ ಇಲ್ಲ, ಪ್ಲುಟೋನಿಯಂದು ತೀರ ಕ್ಷೀಣ. ಅವಕ್ಕೆ ಆಸಿಡ್ಡಿನಲ್ಲಿ ಕರಗಿಸಿ ಬೇರ್ಪಡಿಸುವ ಪ್ರಯೋಗಾಲಯವೇ ಗತಿ.

ಕೊಳವೆಯಲ್ಲಿ ಮೇಲೆ ತಂದ ಕೆಸರನ್ನು 1 ಸೆಂಟಿಮೀಟರ್ ಹೋಳುಗಳಾಗಿ ಕೊಯ್ಯುವಾಗ ಪ್ರತಿ ಹೋಳಿನ ಹೊರ ಅಂಚನ್ನು ಬಿಸಾಡಿ. ಕೊಳವೆ ಇಳಿಯುವಾಗ ಮೇಲಿನ ಕೆಸರನ್ನು ಗೋಡೆಗುಂಟ ಕೆಳಕ್ಕೆ ಎಳೆದಿರುತ್ತದೆ.