ಅಕ್ಕನ ಎಂಬ್ರಾಯ್ಡರಿ ಮಷಿನ್‌ಗೆ ಒಂದು ಸುಳ್ಳು ಪೆನ್‌ಡ್ರೈವ್

ಅಕ್ಕನ ಬ್ಲೌಸ್ ಅಂಗಡಿ ಕೆಳಗೆ, ಲ್ಯಾಪ್‌ಟಾಪ್ ಮಹಡಿ ಮೇಲೆ. ಡಿಸೈನ್ ಮಾಡಿಕೊಡುವ ಹುಡುಗ ಫೈಲುಗಳನ್ನು ಗೂಗಲ್ ಡ್ರೈವ್‌ಗೆ ಹಾಕುತ್ತಾನೆ. ಅದನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಬಂದು ಎಂಬ್ರಾಯ್ಡರಿ ಮಷಿನ್‌ಗೆ ಚುಚ್ಚಬೇಕು. ಮದುವೆ ಸೀಸನ್‌ನಲ್ಲಿ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯೋದೇ ಆಯಿತು. ಒಂದು ದಿನ ಪೆನ್‌ಡ್ರೈವ್ ಬಟ್ಟೆ ರಾಶಿಯಲ್ಲಿ ಕಳೆದುಹೋಯಿತು. "ನೀನು ಕಲಿತ ಕಂಪ್ಯೂಟರ್ ಯಾವಾಗ ಉಪಯೋಗಕ್ಕೆ ಬರುತ್ತೋ?" ಎಂದಳು ಅಕ್ಕ.

ಮಷಿನ್‌ಗೆ ವೈಫೈ ಇಲ್ಲ. ಪೆನ್‌ಡ್ರೈವ್ ಬಿಟ್ಟು ಬೇರೇನೂ ಅದಕ್ಕೆ ಗೊತ್ತಿಲ್ಲ. ಹಾಗಾದರೆ ಪೆನ್‌ಡ್ರೈವ್‌ಗೇ ವೈಫೈ ಇದ್ದರಾಯಿತು, ಅಲ್ವಾ?

ಮೊದಲ ಶನಿವಾರ

ಡ್ರಾಯರ್‌ನಲ್ಲಿ ರಾಸ್ಪ್‌ಬೆರಿ ಪೈ ಝೀರೊ ಡಬ್ಲ್ಯೂ ಒಂದು ಸುಮ್ನೆ ಬಿದ್ದಿತ್ತು. 2017ರಲ್ಲಿ ಬಂದ, ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡು, 512 ಎಂಬಿ ರ‍್ಯಾಮ್. ಈ ಕೆಲಸಕ್ಕೆ ಧಾರಾಳ. ಇದರ ಯುಎಸ್‌ಬಿ ಪೋರ್ಟು ಎರಡು ವೇಷ ಹಾಕಬಲ್ಲದು. ಬೇರೆಯವರನ್ನು ತನಗೆ ಚುಚ್ಚಿಸಿಕೊಳ್ಳಲೂಬಹುದು, ತಾನೇ ಇನ್ನೊಂದಕ್ಕೆ ಚುಚ್ಚಿಕೊಂಡು ಪೆನ್‌ಡ್ರೈವ್ ಅಂತ ನಟಿಸಲೂಬಹುದು. ಕಾನ್ಫಿಗ್ ಫೈಲಿನಲ್ಲಿ ಪೋರ್ಟಿನ ವೇಷ ಬದಲಿಸುವ ಡಿಡಬ್ಲ್ಯೂಸಿ2 ಸಾಲು ಸೇರಿಸಿ, ಜಿ ಮಾಸ್ ಸ್ಟೋರೇಜ್ ಎಂಬ ಮಾಡ್ಯೂಲ್ (ಪೆನ್‌ಡ್ರೈವ್ ನಟನೆ ಮಾಡುವ ಸಾಫ್ಟ್‌ವೇರ್ ತುಣುಕು) ಲೋಡ್ ಮಾಡಿದರೆ ಮುಗಿಯಿತು. ಎಸ್‌ಡಿ ಕಾರ್ಡಿನಲ್ಲಿ 1024 ಎಂಬಿಯ ಖಾಲಿ ಫೈಲ್ ಮಾಡಿ, ಅದನ್ನು ಪೆನ್‌ಡ್ರೈವ್‌ಗಳಲ್ಲಿ ಬಳಸುವ ಫ್ಯಾಟ್32 ವಿಧಾನಕ್ಕೆ ಫಾರ್ಮ್ಯಾಟ್ ಮಾಡಿದೆ. ಆ ಫೈಲೇ ಹೊರಗಿನವರಿಗೆ ಡಿಸ್ಕ್.

ಲ್ಯಾಪ್‌ಟಾಪ್‌ಗೆ ಚುಚ್ಚಿದೆ, ತಕ್ಷಣ ಕಾಣಿಸಿತು. ಮಷಿನ್‌ಗೆ ಚುಚ್ಚಿದೆ, ಏನೂ ಇಲ್ಲ.

ಎರಡು ದಿನ ಕೇಬಲ್ ಮೇಲೆ ಅನುಮಾನ. ಚಾರ್ಜಿಂಗ್‌ಗೆ ಮಾತ್ರ ಬರುವ, ಡೇಟಾ ತಂತಿಯೇ ಇಲ್ಲದ ಕೇಬಲ್‌ಗಳು ಮನೆ ತುಂಬಾ ಇವೆಯಲ್ಲ. ಆದರೆ ತಪ್ಪು ನನ್ನದೇ. ಇಡೀ ಫೈಲನ್ನು ನೇರವಾಗಿ ಫಾರ್ಮ್ಯಾಟ್ ಮಾಡಿಬಿಟ್ಟಿದ್ದೆ. ಅಂಗಡಿಯಲ್ಲಿ ಕೊಳ್ಳುವ ಪೆನ್‌ಡ್ರೈವ್‌ನಲ್ಲಿ ಸಾಮಾನ್ಯವಾಗಿ ಮೊದಲು ಪಾರ್ಟಿಷನ್ ಟೇಬಲ್ (ಡಿಸ್ಕಿನ ಯಾವ ಭಾಗ ಎಲ್ಲಿಂದ ಶುರು ಅನ್ನೋ ಪಟ್ಟಿ) ಇರುತ್ತದೆ, ಆಮೇಲೆ ಫ್ಯಾಟ್32. ಲ್ಯಾಪ್‌ಟಾಪ್ ಹೇಗೋ ಸುಧಾರಿಸಿಕೊಳ್ಳುತ್ತದೆ, ಹಳೇ ಮಷಿನ್ ಸುಧಾರಿಸಿಕೊಳ್ಳಲ್ಲ. ಎಫ್‌ಡಿಸ್ಕ್ ಎಂಬ ಪ್ರೋಗ್ರಾಂನಲ್ಲಿ ಪಾರ್ಟಿಷನ್ ಮಾಡಿ ಮತ್ತೆ ಕೊಟ್ಟೆ, ತಕರಾರಿಲ್ಲದೆ ಓದಿತು. ಈಗ ಪೈ ಒಳಗಿಂದ ಅದನ್ನು ಮೌಂಟ್ ಮಾಡುವಾಗ (ಒಳಗಿನ ಫೈಲುಗಳು ಸಿಗುವಂತೆ ಜೋಡಿಸಿಕೊಳ್ಳುವಾಗ) ಶುರುವಿನ 512 ಬೈಟಿನ 2048 ಸೆಕ್ಟರ್ ಬಿಟ್ಟು, ಅಂದರೆ 10,48,576 ಬೈಟ್ ದಾಟಿ ಹೋಗಬೇಕು. ಈ ಸಂಖ್ಯೆ ಬಾಯಿಪಾಠ ಆಗಿಹೋಗಿದೆ.

ಎರಡನೇ ವಾರ

ಗೂಗಲ್ ಡ್ರೈವ್‌ನಿಂದ ಇಳಿಸಲು ಆರ್‌ಕ್ಲೋನ್ ಎಂಬ ಪ್ರೋಗ್ರಾಂ. ಪೈಗೆ ಪರದೆ ಇಲ್ಲ, ಹಾಗಾಗಿ ಲಾಗಿನ್ ಅನುಮತಿಯನ್ನು ಲ್ಯಾಪ್‌ಟಾಪ್‌ನಲ್ಲಿ ಪಡೆದು ಟೋಕನ್ (ಅನುಮತಿಯ ಕೋಡ್) ತಂದು ಪೈಗೆ ಅಂಟಿಸಿದೆ. ಇದು ಸಲೀಸು.

ತಲೆನೋವು ಆಮೇಲೆ. ಪೈ ಹೊಸ ಫೈಲ್ ಬರೆದರೂ ಮಷಿನ್‌ಗೆ ಹಳೇ ಪಟ್ಟಿಯೇ ಕಾಣುತ್ತಿತ್ತು. ಪೆನ್‌ಡ್ರೈವ್ ಅಂದರೆ ಹಂಚಿಕೊಂಡ ಫೋಲ್ಡರ್ ಅಲ್ಲ. ಅದನ್ನು ಚುಚ್ಚಿಸಿಕೊಂಡ ಮಷಿನ್ ಆ ಡಿಸ್ಕ್ ತನ್ನದು ಮಾತ್ರ ಅಂದುಕೊಂಡು, ಒಮ್ಮೆ ಓದಿದ ಪಟ್ಟಿಯನ್ನೇ ನೆನಪಿಟ್ಟುಕೊಳ್ಳುತ್ತದೆ. ಮಷಿನ್, ಪೈ ಎರಡೂ ಬರೆಯಲು ಹೋದರಂತೂ ಇಡೀ ಡಿಸ್ಕ್ ಕಲಸುಮೇಲೋಗರ. ಅದಕ್ಕೇ ಮಷಿನ್‌ಗೆ ಓದಲು ಮಾತ್ರ ಬಿಟ್ಟೆ. ಹೊಸ ಫೈಲನ್ನು ಮೊದಲು ಬೇರೆ ಫೋಲ್ಡರ್‌ಗೆ ಇಳಿಸಿಕೊಳ್ಳುವುದು. ಮಾಡ್ಯೂಲ್ ತೆಗೆಯುವುದು, ಮಷಿನ್ ಪಾಲಿಗೆ ಪೆನ್‌ಡ್ರೈವ್ ಕಿತ್ತ ಹಾಗೆ. ಡಿಸ್ಕ್ ಫೈಲ್ ಮೌಂಟ್ ಮಾಡಿ ಕಾಪಿ, ಅನ್‌ಮೌಂಟ್, ಮತ್ತೆ ಮಾಡ್ಯೂಲ್ ಹಾಕುವುದು.

ಐದು ನಿಮಿಷಕ್ಕೊಮ್ಮೆ ತಾನೇ ಹೀಗೆ ಮಾಡಲಿ ಅಂತ ಬಿಟ್ಟೆ. ಸರಿಯಾಗಿ ಅಕ್ಕ ಡಿಸೈನ್ ತೆರೆಯುವ ಹೊತ್ತಿಗೇ ಪೆನ್‌ಡ್ರೈವ್ ಮಾಯ! ಗಿರಾಕಿ ಎದುರಿಗೇ ಮಂಗಳಾರತಿ ಆಯಿತು.

ಮೂರನೇ ವಾರ

ಪೈನ ಜಿಪಿಐಒ 17 ಮತ್ತು ಗ್ರೌಂಡ್ ಎಂಬ ಪಿನ್‌ಗಳ ನಡುವೆ ಒಂದು ಪುಶ್ ಬಟನ್. ಇಳಿಸುವ ಕೆಲಸ ತಾನಾಗಿ ನಡೆಯುತ್ತದೆ. ಪೆನ್‌ಡ್ರೈವ್ ಕಿತ್ತು ಮತ್ತೆ ಹಾಕುವ ಕೆಲಸ ಅಕ್ಕ ಒತ್ತಿದಾಗ ಮಾತ್ರ. ಇಷ್ಟು ಜಾಣತನ ಮೊದಲೇ ಹೊಳೆದಿದ್ದರೆ ಬೈಗುಳ ಉಳಿಯುತ್ತಿತ್ತು.

ಕರೆಂಟಿನದ್ದು ಇನ್ನೊಂದು ಕತೆ. ಮಷಿನ್ ಪೋರ್ಟಿನಿಂದಲೇ ಪೈ ಓಡುತ್ತಿದ್ದಾಗ, ರಾತ್ರಿ ಮಷಿನ್ ಆಫ್ ಮಾಡಿದರೆ ಪೈ ಕೂಡ ಧಡಕ್ಕನೆ ಸಾಯುತ್ತಿತ್ತು. ಒಂದು ಎಸ್‌ಡಿ ಕಾರ್ಡ್ ಹಾಗೇ ಕೆಟ್ಟಿತು. ಈಗ ಪವರ್ ಪೋರ್ಟಿಗೆ ಬೇರೆ ಅಡಾಪ್ಟರ್ ಹಾಕಿದ್ದೇನೆ. ಝೀರೊದಲ್ಲಿ ಎರಡೂ ಪೋರ್ಟುಗಳ 5 ವೋಲ್ಟ್ ಒಳಗೇ ಕೂಡಿಕೊಂಡಿದೆ. ಅಡಾಪ್ಟರ್ ಕರೆಂಟು ಮಷಿನ್ ಕಡೆಗೆ ನುಗ್ಗಬಾರದು ಅಂತ ಡೇಟಾ ಕೇಬಲ್ ಒಳಗಿನ 5 ವೋಲ್ಟಿನ ಕೆಂಪು ತಂತಿ ಕತ್ತರಿಸಿ ಟೇಪ್ ಸುತ್ತಿದೆ. ಕಪ್ಪು, ಬಿಳಿ, ಹಸಿರು ಹಾಗೇ ಇವೆ.

ಹತ್ತು ದಿನದಿಂದ ಓಡುತ್ತಿದೆ. ಬಟನ್ ಒತ್ತಿದ ಮೇಲೆ ಯಾವಾಗ ರೆಡಿ ಅಂತ ತಿಳಿಯೋದು ಹೇಗೆ ಎಂದು ಅಕ್ಕ ನಿನ್ನೆ ಕೇಳಿದಳು. ಮುಂದಿನ ಶನಿವಾರ ಒಂದು ಎಲ್‌ಇಡಿ ಹಾಕಬೇಕು. ಕಳೆದುಹೋಗಿದ್ದ ಪೆನ್‌ಡ್ರೈವ್ ಲೈನಿಂಗ್ ಬಟ್ಟೆ ಮಡಿಕೆಯಲ್ಲಿ ಸಿಕ್ಕಿತಂತೆ. ಅದನ್ನವಳು ದಾರದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ, ನನ್ನ ಮೇಲೆ ಅಷ್ಟು ನಂಬಿಕೆ.